ಫಾಂಟ್ ಹಾಕಿದ್ದೇವೆ, ಕನ್ನಡ ಬರುತ್ತಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಡಿಟಿಪಿ ಅಂಗಡಿ, ಫ್ಲೆಕ್ಸ್ ಅಂಗಡಿ ಮತ್ತು ಶಾಲೆಗಳಿಂದ ಬಂದವು. ಎಲ್ಲರದೂ ಕಂಪ್ಯೂಟರಿಗೆ ಕನ್ನಡ ಫಾಂಟ್ ಹಾಕುವ ವಿಚಾರವೇ. ಹಾಕುವುದು ಎರಡು ನಿಮಿಷದ ಕೆಲಸ. ತೊಂದರೆ ಶುರುವಾಗುವುದು ಹಾಕಿದ ಮೇಲೆ. ಹಾಗಾಗಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಹೊಸದಾಗಿ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ತೆರೆದಿದ್ದೇನೆ. ವಿಂಡೋಸ್ 11 ಇದೆ. ಗೂಗಲ್ ಫಾಂಟ್ಸ್‌ನಿಂದ ನಾಲ್ಕೈದು ಕನ್ನಡ ಫಾಂಟ್ ಇಳಿಸಿಕೊಂಡು ಇನ್‌ಸ್ಟಾಲ್ ಒತ್ತಿದೆ. ವರ್ಡ್‌ನಲ್ಲಿ ಕಾಣುತ್ತವೆ, ಹಳೆಯ ಕೋರೆಲ್‌ಡ್ರಾದಲ್ಲಿ ಕಾಣುವುದಿಲ್ಲ. ಸರಿಯಾದ ಕ್ರಮ ಯಾವುದು?
– ಡಿಟಿಪಿ ಅಂಗಡಿಯವರು, ಗಂಗಾವತಿ

ಉತ್ತರ: ಇಳಿಸಿದ ಫೈಲು ಜಿಪ್ ಆಗಿರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಟ್ರಾಕ್ಟ್ ಆಲ್’ ಕೊಟ್ಟು ಮೊದಲು ಬಿಚ್ಚಿಕೊಳ್ಳಿ. ಜಿಪ್ಪಿನೊಳಗಿಂದಲೇ ಹಾಕಲು ಹೋದರೆ ಕೆಲವೊಮ್ಮೆ ಒಂದು ಫಾಂಟ್ ಕುಳಿತು ಉಳಿದವು ಬಿಟ್ಟುಹೋಗುತ್ತವೆ. ಬಿಚ್ಚಿದ ಫೋಲ್ಡರಿನಲ್ಲಿ ಟಿಟಿಎಫ್ ಅಥವಾ ಒಟಿಎಫ್ ಎಂದು ಕೊನೆಯಾಗುವ ಫೈಲುಗಳೇ ಫಾಂಟುಗಳು. ಬೇಕಾದವನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಡಿ. ವಿಂಡೋಸ್ 11ರ ಚಿಕ್ಕ ಪಟ್ಟಿಯಲ್ಲಿ ಅದು ಕಾಣದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒತ್ತಿ. ಹಳೆಯ ಉದ್ದ ಪಟ್ಟಿ ಬರುತ್ತದೆ.

ನಿಮ್ಮ ತೊಂದರೆ ಇರುವುದು ಇಲ್ಲಿಯೇ. 2018ರ ಕೊನೆಗೆ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಬರೀ ‘ಇನ್‌ಸ್ಟಾಲ್’ ಎಂದರೆ ಫಾಂಟ್ ಆ ಒಬ್ಬ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಕುಳಿತುಕೊಳ್ಳುತ್ತದೆ. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ, ಆ ಮಟ್ಟಿಗೆ ಅನುಕೂಲ. ಆದರೆ ಕೆಲವು ಹಳೆಯ ಸಾಫ್ಟ್‌ವೇರ್‌ಗಳು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಜಾಗವನ್ನು ಬಿಟ್ಟು ಬೇರೆ ಕಡೆ ನೋಡುವುದೇ ಇಲ್ಲ. ‘ಆಲ್ ಯೂಸರ್ಸ್’ ಕೊಟ್ಟರೆ ಫಾಂಟ್ ಅಲ್ಲಿಗೇ ಹೋಗುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಯಾವಾಗಲೂ ಇದನ್ನೇ ಬಳಸಿ. ಈಗ ಹಾಕಿರುವುದನ್ನು ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಫಾಂಟ್ಸ್‌ಗೆ ಹೋಗಿ ತೆಗೆದು ಮತ್ತೆ ಹಾಕಿ. ಒಂದೇ ಫಾಂಟ್ ಎರಡು ಕಡೆ ಕುಳಿತರೆ ಮುಂದೆ ಯಾವುದು ಹೊಸದು, ಯಾವುದು ಹಳೆಯದು ಎಂದು ತಿಳಿಯುವುದಿಲ್ಲ.

ಹಾಕುವ ಮೊದಲು ವರ್ಡ್, ಕೋರೆಲ್ ಮುಚ್ಚಿರಿ. ಬಹಳಷ್ಟು ಸಾಫ್ಟ್‌ವೇರ್‌ಗಳು ತೆರೆಯುವಾಗ ಒಮ್ಮೆ ಮಾತ್ರ ಫಾಂಟ್ ಪಟ್ಟಿ ಓದುತ್ತವೆ. ಪಟ್ಟಿಯಲ್ಲಿ ಹುಡುಕುವಾಗ ಫೈಲಿನ ಹೆಸರನ್ನು ನಂಬಬೇಡಿ, ಅಲ್ಲಿ ತೋರುವುದು ಫಾಂಟಿನೊಳಗೆ ಬರೆದಿರುವ ಹೆಸರು. ಫೈಲಿಗೆ ‘ಮದುವೆ ಫಾಂಟ್’ ಎಂದು ಹೆಸರಿಟ್ಟರೂ ಪಟ್ಟಿಯಲ್ಲಿ ಅದು ನೋಟೋ ಎಂದೋ ಬಿಆರ್‌ಎಚ್ ಎಂದೋ ತನ್ನ ಮೂಲ ಹೆಸರಿನಲ್ಲೇ ಕಾಣುತ್ತದೆ.

ಗೂಗಲ್ ಫಾಂಟ್ಸ್‌ನ ಜಿಪ್ಪಿನಲ್ಲಿ ಹೆಸರಿನ ಜೊತೆ ‘ವೇರಿಯಬಲ್’ ಎಂದಿರುವ ಒಂದು ದೊಡ್ಡ ಫೈಲೂ ‘ಸ್ಟ್ಯಾಟಿಕ್’ ಎಂಬ ಫೋಲ್ಡರೂ ಇರುವುದುಂಟು. ವೇರಿಯಬಲ್ ಫೈಲಿನಲ್ಲಿ ತೆಳುವಿನಿಂದ ದಪ್ಪದವರೆಗೆ ಎಲ್ಲವೂ ಒಂದರಲ್ಲೇ ಅಡಗಿರುತ್ತದೆ. ಹಳೆಯ ಕೋರೆಲ್, ಹಳೆಯ ವರ್ಡ್‌ಗಳಿಗೆ ಅದನ್ನು ಬಳಸಲು ಬಾರದು, ಒಂದೇ ದಪ್ಪ ತೋರಿಸಿ ಸುಮ್ಮನಾಗುತ್ತವೆ. ಸ್ಟ್ಯಾಟಿಕ್ ಫೋಲ್ಡರಿನಿಂದ ರೆಗ್ಯುಲರ್ ಮತ್ತು ಬೋಲ್ಡ್ ಎರಡನ್ನೂ ಹಾಕಿ. ಬೋಲ್ಡ್ ಫೈಲು ಇಲ್ಲದೆ ವರ್ಡ್‌ನಲ್ಲಿ ‘ಬಿ’ ಒತ್ತಿದರೆ ಅದು ಇರುವ ಅಕ್ಷರವನ್ನೇ ಬಲವಂತವಾಗಿ ದಪ್ಪ ಮಾಡುತ್ತದೆ. ಆಗ ಕ್ಷ, ಜ್ಞ, ಣ ಮುಂತಾದವುಗಳ ಹೊಟ್ಟೆ ತುಂಬಿಹೋಗಿ, ಸಣ್ಣ ಅಳತೆಯಲ್ಲಿ ಅಚ್ಚಾದಾಗ ಮಸಿಯ ಚುಕ್ಕೆಯಾಗಿ ಕಾಣುತ್ತವೆ.

ಪ್ರಶ್ನೆ: ನಮ್ಮದು ಹಳೇ ಪ್ರಿಂಟಿಂಗ್ ಪ್ರೆಸ್ಸ್ ರೀ. ಹಿಂದಿನ ಕೆಲಸ ಎಲ್ಲಾ ನುಡಿ ಮತ್ತ ಶ್ರೀಲಿಪಿಯೊಳಗ ಅದಾವ. ಈಗ ಗಿರಾಕಿ ವಾಟ್ಸಾಪಿನ್ಯಾಗ ಮ್ಯಾಟರ್ ಕಳಸ್ತಾರ. ಅದನ್ನ ಪೇಸ್ಟ್ ಮಾಡಿ ನುಡಿ ಫಾಂಟ್ ಕೊಟ್ರ ಅಕ್ಷರ ಬದಲಾಗೂದಿಲ್ಲ. ಹಳೇ ಮ್ಯಾಟರಿಗೆ ಹೊಸ ಫಾಂಟ್ ಕೊಟ್ರ ಇಂಗ್ಲಿಷ್ ಗಿಜಿಬಿಜಿ ಬರ್ತದ. ಫಾಂಟ್ ಸರಿಯಾಗಿ ಕುಂತಿಲ್ಲೇನ್ರಿ?
– ಪ್ರೆಸ್ ಮಾಲೀಕರು, ಸಿಂಧನೂರು

ಉತ್ತರ: ಫಾಂಟ್ ಸರಿಯಾಗಿಯೇ ಕುಳಿತಿದೆ. ನಿಮ್ಮಲ್ಲಿ ಎರಡು ಬೇರೆ ಜಾತಿಯ ಫಾಂಟುಗಳೂ ಎರಡು ಬೇರೆ ಜಾತಿಯ ಪಠ್ಯಗಳೂ ಇವೆ. ಒಂದರ ಪಠ್ಯಕ್ಕೆ ಇನ್ನೊಂದರ ಫಾಂಟ್ ಹೊಂದುವುದಿಲ್ಲ. ಈ ಮೂರು ಜಿಲ್ಲೆಗಳಿಂದ ಬಂದ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇದೇ ಕಾರಣ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಹಳೆಯ ಪದ್ಧತಿಯಲ್ಲಿ ಒಂದು ಫಾಂಟಿನೊಳಗೆ ಹೆಚ್ಚೆಂದರೆ 256 ಮನೆಗಳು. ಆ ಮನೆಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗಾಗಿ ಇದ್ದವು. ಕನ್ನಡದ ಗುಣಿತ, ಒತ್ತುಗಳೆಲ್ಲ ಸೇರಿದರೆ ಅಷ್ಟು ಜಾಗ ಸಾಲದು. ಆದ್ದರಿಂದ ಅಕ್ಷರದ ತುಂಡುಗಳನ್ನು ಮಾಡಿ, ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ ಎಂದು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ಕಡತದೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳೇ. ಬಯಲಾಟದ ಪಾತ್ರಧಾರಿಯ ಹಾಗೆ ಮೇಲೆ ಕನ್ನಡದ ವೇಷ. ಫಾಂಟ್ ಬದಲಾಯಿಸಿದ ಕೂಡಲೇ ವೇಷ ಕಳಚಿ ಒಳಗಿನದು ಕಾಣುತ್ತದೆ. ನೀವು ಹೇಳುವ ಗಿಜಿಬಿಜಿ ಅದೇ. ನುಡಿ, ಬರಹ, ಶ್ರೀಲಿಪಿ, ಆಕೃತಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳೆಲ್ಲ ಈ ಬಗೆಯವು. ಯಾವ ತುಂಡು ಯಾವ ಮನೆಯಲ್ಲಿ ಎಂಬುದೂ ಎಲ್ಲರಲ್ಲಿ ಒಂದೇ ಅಲ್ಲ. ಕನ್ನಡ ಗಣಕ ಪರಿಷತ್ತು ನುಡಿಗಾಗಿ ಗೊತ್ತುಮಾಡಿದ ಕ್ರಮವನ್ನು ಬರಹವೂ ತನ್ನ ಬಿಆರ್‌ಎಚ್ ಫಾಂಟುಗಳಲ್ಲಿ ಅನುಸರಿಸಿದ್ದರಿಂದ ಅವೆರಡರ ನಡುವೆ ಫಾಂಟ್ ಬದಲಿಸಿದರೆ ನಡೆಯುತ್ತದೆ. ಶ್ರೀಲಿಪಿಯ ಕ್ರಮ ಬೇರೆ. ಶ್ರೀಲಿಪಿ ಪಠ್ಯಕ್ಕೆ ನುಡಿ ಫಾಂಟ್ ಕೊಟ್ಟರೆ ಕನ್ನಡದಂತೆಯೇ ಕಾಣುವ, ಓದಲು ಬಾರದ ಸಾಲುಗಳು ಬರುತ್ತವೆ.

ಇನ್ನೊಂದು ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸ್ಥಾನ ಕೊಡುವ ಜಾಗತಿಕ ವ್ಯವಸ್ಥೆ. ಅದರಲ್ಲಿ ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಿವೆ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಅಲ್ಲಿದೆ. ಕಡತದಲ್ಲಿ ಉಳಿಯುವುದು ‘ಕ’, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ‘ಷ’ ಎಂಬ ಅಕ್ಷರಗಳ ಸಾಲು. ಅವನ್ನು ಸೇರಿಸಿ ‘ಕ್ಷ’ ಎಂದು ತೋರಿಸುವುದು ಫಾಂಟ್ ಮತ್ತು ಸಾಫ್ಟ್‌ವೇರ್ ಸೇರಿ ಮಾಡುವ ಕೆಲಸ. ವಾಟ್ಸಾಪಿನಲ್ಲಿ ಬರುವುದು ಇದೇ ಪಠ್ಯ. ಇದಕ್ಕೆ ಹಳೆಯ ನುಡಿ ಫಾಂಟ್ ಕೊಟ್ಟರೆ, ಅದರಲ್ಲಿ ಕನ್ನಡದ ಸ್ಥಾನಗಳೇ ಖಾಲಿ ಇರುವುದರಿಂದ ವಿಂಡೋಸ್ ತನ್ನಲ್ಲಿರುವ ನಿರ್ಮಲಾ ಯುಐ ಅಥವಾ ತುಂಗಾ ಫಾಂಟಿನಲ್ಲಿ ತೋರಿಸುತ್ತದೆ. ನಿಮಗೆ ‘ಬದಲಾಗಲಿಲ್ಲ’ ಎನಿಸುವುದು ಅದಕ್ಕೇ.

ಕೈಯಲ್ಲಿರುವ ಫಾಂಟ್ ಯಾವ ಬಗೆಯದು ಎಂದು ತಿಳಿಯಲು ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ. ವಿಂಡೋಸ್ ಒಂದು ಮಾದರಿ ಪುಟ ತೋರಿಸುತ್ತದೆ. ಇಂಗ್ಲಿಷಿನ ಎ, ಬಿ, ಸಿ, ಡಿ ಇರಬೇಕಾದ ಜಾಗದಲ್ಲಿ ಕನ್ನಡದ ಅಕ್ಷರ, ತುಂಡುಗಳು ಕಂಡರೆ ಅದು ಹಳೆಯ ಬಗೆಯದು. ಪಠ್ಯ ಯಾವ ಬಗೆಯದು ಎಂದು ತಿಳಿಯಲು ಅದನ್ನು ವರ್ಡ್‌ನಲ್ಲಿ ಆರಿಸಿ ನಿರ್ಮಲಾ ಯುಐ ಕೊಡಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಗಿಜಿಬಿಜಿಯಾದರೆ ಹಳೆಯದು. ಈ ಎರಡು ಪರೀಕ್ಷೆಗಳನ್ನು ಅಂಗಡಿಯ ಹುಡುಗರಿಗೆಲ್ಲ ಕಲಿಸಿಬಿಡಿ. ಇಷ್ಟು ಗೊತ್ತಿಲ್ಲದೆ ಫಾಂಟ್ ಮೇಲೆ ಫಾಂಟ್ ಹಾಕುತ್ತ ಕುಳಿತರೆ ದಿನವೇ ಹೋಗುತ್ತದೆ.

ಪರಿವರ್ತನೆ ಬೇಕಾದಾಗ ನುಡಿ, ಬರಹಗಳ ಜೊತೆಗೇ ಬರುವ ಪರಿವರ್ತಕ ಸಾಕು. ಶ್ರೀಲಿಪಿ ಪಠ್ಯಕ್ಕೆ ಶ್ರೀಲಿಪಿಯ ಪರಿವರ್ತಕವನ್ನೇ ಬಳಸಿ, ನುಡಿಯದು ಕೆಲಸಕ್ಕೆ ಬಾರದು. ಮೂಲ ಕಡತವನ್ನು ಮುಟ್ಟದೆ ಪ್ರತಿ ಮಾಡಿಕೊಂಡು ಕೆಲಸ ಮಾಡಿ. ಕನ್ನಡದ ನಡುವೆ ಇಂಗ್ಲಿಷ್ ಸಾಲು, ಇಮೇಲ್ ವಿಳಾಸ ಇದ್ದರೆ ಅವನ್ನು ಮೊದಲು ಬೇರೆ ಕಡೆ ತೆಗೆದಿಡಿ. ಹಳೆಯ ಕಡತದಲ್ಲಿ ಎರಡೂ ಒಳಗೆ ಇಂಗ್ಲಿಷ್ ಅಕ್ಷರಗಳೇ ಆದ್ದರಿಂದ, ಫಾಂಟ್ ಮಾಹಿತಿ ಬಿಟ್ಟು ಬರೀ ಪಠ್ಯ ಕೊಟ್ಟರೆ ಪರಿವರ್ತಕ ಇಂಗ್ಲಿಷನ್ನೂ ಕನ್ನಡ ಮಾಡಿಬಿಡುತ್ತದೆ.

ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ಬಲಕ್ಕೆ, ಅಂದರೆ ಕಡತದಲ್ಲೂ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ತಂದು ಇಡೀ ಅಕ್ಷರ, ಒತ್ತು, ಗುಣಿತಗಳ ಮುಂಚೆ ಕೂರಿಸಬೇಕು. ವರ್ಷ, ಕಾರ್ಯ ಮುಂತಾದವು ಸಾಮಾನ್ಯವಾಗಿ ಸರಿ ಬರುತ್ತವೆ. ಸಾಮರ್ಥ್ಯ, ಮರ್ತ್ಯ, ಈರ್ಷ್ಯೆ ಮುಂತಾದ, ಒತ್ತಿನ ಮೇಲೆ ಅರ್ಕಾವತ್ತು ಬರುವ ಪದಗಳಲ್ಲಿ ಎಡವುತ್ತದೆ. ಅಂಕಿಗಳನ್ನೂ ನೋಡಿ. ನುಡಿಯಲ್ಲಿ ಹೆಸರಿನ ಕೊನೆಗೆ ‘ಇ’ ಇರುವ ಫಾಂಟುಗಳಲ್ಲಿ ಇಂಗ್ಲಿಷ್ ಅಂಕಿ, ‘ಕೆ’ ಇರುವವುಗಳಲ್ಲಿ ಕನ್ನಡ ಅಂಕಿ ಕಾಣುತ್ತದೆ. ಎರಡಕ್ಕೂ ಒಳಗಿರುವುದು ಒಂದೇ. ಪರಿವರ್ತನೆಯ ನಂತರ ಮುಹೂರ್ತದ ದಿನಾಂಕ, ಸಮಯ, ಮೊಬೈಲ್ ನಂಬರ್ ಹೇಗೆ ಬಂದಿವೆ ಎಂದು ಮೂಲದ ಪ್ರಿಂಟ್ ಪಕ್ಕದಲ್ಲಿಟ್ಟು ತಾಳೆ ನೋಡಿ.

ನಮ್ಮ ಸಲಹೆ ಇಷ್ಟು: ಬರೀ ಮರುಮುದ್ರಣವಾಗುವ ಹಳೆಯ ಕೆಲಸವನ್ನು ಇದ್ದಂತೆಯೇ ಇಟ್ಟುಕೊಳ್ಳಿ, ಅದರ ಫಾಂಟುಗಳನ್ನೂ ಜೋಪಾನ ಮಾಡಿ. ಹೊಸ ಕೆಲಸವನ್ನೆಲ್ಲ ಯೂನಿಕೋಡ್‌ನಲ್ಲೇ ಶುರುಮಾಡಿ. ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ, ಯಾವ ಫಾಂಟ್ ಹಾಕಿದರೂ ಬರುವುದಿಲ್ಲ. ಅದನ್ನೇ ಬಳಸಲೇಬೇಕಾದರೆ ವಾಟ್ಸಾಪಿನ ಮ್ಯಾಟರನ್ನು ಯೂನಿಕೋಡ್‌ನಿಂದ ನುಡಿಗೆ ತಿರುಗಿಸಿಕೊಂಡು ಪೇಸ್ಟ್ ಮಾಡಿ. ಕೋರೆಲ್‌ಡ್ರಾದಲ್ಲಿ 2012ರ ಎಕ್ಸ್6 ಆವೃತ್ತಿಯಿಂದ ಯೂನಿಕೋಡ್ ಕನ್ನಡ ಕೂಡಿಕೊಳ್ಳುತ್ತದೆ. ಅದಕ್ಕಿಂತ ಹಳೆಯದರಲ್ಲಿ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಪ್ರಶ್ನೆ: ನುಡಿ ಫಾಂಟ್ ಹಾಕಿದೆ. ಆದರೆ ಕೀಬೋರ್ಡ್ ಒತ್ತಿದರೆ ಇಂಗ್ಲಿಷೇ ಬರುತ್ತದೆ.
– ವಿದ್ಯಾರ್ಥಿನಿ, ದೇವದುರ್ಗ

ಉತ್ತರ: ಫಾಂಟ್ ಅಕ್ಷರದ ರೂಪ ಮಾತ್ರ ಕೊಡುತ್ತದೆ. ಟೈಪ್ ಮಾಡಲು ಕೀಲಿಮಣೆ ವಿನ್ಯಾಸ ಬೇರೆಯಾಗಿ ಬೇಕು. ನುಡಿ ತಂತ್ರಾಂಶವನ್ನೇ ಹಾಕಿ ತೆರೆದಿಟ್ಟುಕೊಂಡರೆ ಕೆ.ಪಿ. ರಾವ್ ಅವರು ರೂಪಿಸಿದ, ಸರ್ಕಾರ ಒಪ್ಪಿದ ಕೀಲಿಮಣೆ ಸಿಗುತ್ತದೆ. ಕನ್ನಡ, ಇಂಗ್ಲಿಷ್ ನಡುವೆ ಬದಲಿಸಲು ಸ್ಕ್ರಾಲ್ ಲಾಕ್. ನುಡಿಯಲ್ಲಿ ಯೂನಿಕೋಡ್, ಆಸ್ಕಿ (ಮೇಲೆ ಹೇಳಿದ ಹಳೆಯ ಬಗೆ) ಎಂಬ ಎರಡು ಆಯ್ಕೆಗಳಿವೆ. ಆಸ್ಕಿ ಇಟ್ಟುಕೊಂಡು ನೋಟೋದಂಥ ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿದರೆ ಗಿಜಿಬಿಜಿ ಬರುತ್ತದೆ, ಅಂಥ ಫಾಂಟಿಗೆ ಯೂನಿಕೋಡ್ ಇಟ್ಟುಕೊಳ್ಳಿ.

ಬೇರೇನೂ ಹಾಕದೆ ಆಗಬೇಕೆಂದರೆ ವಿಂಡೋಸ್ ಸೆಟ್ಟಿಂಗ್ಸ್‌ನ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ನಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಕೀಬೋರ್ಡ್ ಸೇರಿಸಿ. 2019ರ ಮೇ ಆವೃತ್ತಿಯಿಂದ ಇದು ವಿಂಡೋಸ್ 10ರಲ್ಲೂ ಇದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಪ್ರಶ್ನೆ: ನಮ್ಮ ಕಡೆ ಮದುವೆ ಪತ್ರಿಕೆ, ಅಂಗಡಿ ಬೋರ್ಡುಗಳಿಗೆ ಕನ್ನಡದ ಜೊತೆ ತೆಲುಗು, ಉರ್ದು ಕೇಳುತ್ತಾರೆ. ಕನ್ನಡ ಫಾಂಟಿನಲ್ಲೇ ತೆಲುಗು ಬರುತ್ತದೆಯೇ? ಮೂರೂ ಒಂದೇ ಧಾಟಿಯಲ್ಲಿ ಕಾಣಲು ಏನು ಹಾಕಬೇಕು?
– ಕಾರ್ಡ್ ಅಂಗಡಿಯವರು, ರಾಯಚೂರು

ಉತ್ತರ: ಕಣ್ಣಿಗೆ ಎರಡೂ ಲಿಪಿ ಹತ್ತಿರವಾದರೂ ಯೂನಿಕೋಡ್‌ನಲ್ಲಿ ತೆಲುಗಿಗೂ ಕನ್ನಡಕ್ಕೂ ಬೇರೆ ಬೇರೆ ಸ್ಥಾನಗಳಿವೆ. ಕನ್ನಡ ಫಾಂಟಿನಲ್ಲಿ ತೆಲುಗು ಇರುವುದಿಲ್ಲ. ಇದಕ್ಕೆ ಹೊರತು ನಿರ್ಮಲಾ ಯುಐ: ವಿಂಡೋಸ್ 8ರಿಂದ ಜೊತೆಗೇ ಬರುವ ಈ ಫಾಂಟಿನಲ್ಲಿ ಕನ್ನಡ, ತೆಲುಗು, ತಮಿಳು, ದೇವನಾಗರಿ ಎಲ್ಲವೂ ಇವೆ. ಅರ್ಜಿ, ಬಿಲ್ಲುಗಳಿಗೆ ಅದು ಸಾಕು, ಪತ್ರಿಕೆಗೆ ಸಪ್ಪೆಯಾಗುತ್ತದೆ.

ಧಾಟಿ ಹೊಂದಬೇಕಾದರೆ ಒಂದೇ ಮನೆತನದ ಫಾಂಟುಗಳನ್ನು ಜೋಡಿಯಾಗಿ ಹಾಕಿ. ದಪ್ಪನೆಯ ಶೀರ್ಷಿಕೆಗೆ ಬಲೂ ತಮ್ಮ 2 ಕನ್ನಡಕ್ಕೆ, ಬಲೂ ತಮ್ಮುಡು 2 ತೆಲುಗಿಗೆ. ಬೋರ್ಡುಗಳಿಗೆ ಅನೇಕ್ ಕನ್ನಡ, ಅನೇಕ್ ತೆಲುಗು. ಇವುಗಳಲ್ಲಿ ಅಗಲವನ್ನೂ ಹೆಚ್ಚುಕಡಿಮೆ ಮಾಡಬಹುದಾದ್ದರಿಂದ ಉದ್ದ ಹೆಸರಿನ ಅಂಗಡಿಗೆ ಅನುಕೂಲ. ಸಾಂಪ್ರದಾಯಿಕ ಅಚ್ಚಿನ ರೂಪ ಬೇಕಾದರೆ ಟೀರೋ ಕನ್ನಡ, ಟೀರೋ ತೆಲುಗು. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಉರ್ದುವಿಗೆ ನೋಟೋ ನಸ್ತಾಲಿಕ್ ಉರ್ದು ಹಾಕಿ. ಅರಬ್ಬಿ ನಸ್ಖ್ ಶೈಲಿಯ ಫಾಂಟಿನಲ್ಲೂ ಉರ್ದು ಬರುತ್ತದೆ, ಆದರೆ ಉರ್ದು ಓದುವವರ ಕಣ್ಣಿಗೆ ರೂಢಿಯಾದದ್ದು ಇಳಿಜಾರಾಗಿ ಸಾಗುವ ನಸ್ತಾಲಿಕ್. ಅಕ್ಷರಗಳು ಮೇಲಿಂದ ಕೆಳಕ್ಕೆ ಇಳಿಯುವುದರಿಂದ ಸಾಲಿನ ಅಂತರ ಕನ್ನಡಕ್ಕಿಂತ ಬಹಳ ಹೆಚ್ಚು ಬೇಕು. ಕನ್ನಡದ ಸಾಲಿನ ಅಂತರವನ್ನೇ ಕೊಟ್ಟರೆ ಮೇಲಿನ ಸಾಲು ಕೆಳಗಿನದರ ಮೇಲೆ ಕೂರುತ್ತದೆ. ಪ್ಯಾರಾಗ್ರಾಫನ್ನು ಬಲದಿಂದ ಎಡಕ್ಕೆ ಎಂದು ಬದಲಿಸಿ. ಬರೀ ಬಲಕ್ಕೆ ಹೊಂದಿಸಿದರೆ ಪೂರ್ಣವಿರಾಮ, ಆವರಣ ಚಿಹ್ನೆಗಳು ತಪ್ಪು ತುದಿಗೆ ಹೋಗುತ್ತವೆ. ಓದಲು ಬಲ್ಲವರಿಗೆ ತೋರಿಸದೆ ಯಾವ ಭಾಷೆಯ ಪತ್ರಿಕೆಯನ್ನೂ ಅಚ್ಚಿಗೆ ಕಳಿಸಬೇಡಿ. ಅಂಟಿಕೊಳ್ಳಬೇಕಾದ ಅಕ್ಷರ ಬಿಡಿಯಾಗಿ ನಿಂತಿದ್ದು ಭಾಷೆ ಬಾರದವರಿಗೆ ಕಾಣುವುದೇ ಇಲ್ಲ.

ಪ್ರಶ್ನೆ: ಪ್ರಶ್ನೆಪತ್ರಿಕೆಯನ್ನು ಮನೆಯ ಕಂಪ್ಯೂಟರಿನಲ್ಲಿ ಹೊಸ ಫಾಂಟಿನಲ್ಲಿ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ದರೆ ಝೆರಾಕ್ಸ್ ಅಂಗಡಿಯಲ್ಲಿ ಸಾಲುಗಳೆಲ್ಲ ಅಸ್ತವ್ಯಸ್ತವಾಗುತ್ತವೆ. ಎಲ್ಲ ಕಡೆ ಫಾಂಟ್ ಹಾಕಿಸುತ್ತ ಹೋಗಬೇಕೇ?
– ಪ್ರೌಢಶಾಲೆ ಶಿಕ್ಷಕರು, ಕುಷ್ಟಗಿ

ಉತ್ತರ: ಬೇಡ. ಪ್ರಿಂಟಿಗೆ ಒಯ್ಯುವುದು ಪಿಡಿಎಫ್ ಆಗಿರಲಿ. ವರ್ಡ್‌ನಲ್ಲಿ ‘ಸೇವ್ ಆ್ಯಸ್’ ಕೊಟ್ಟು ಪಿಡಿಎಫ್ ಆರಿಸಿದರೆ ಬಳಸಿದ ಅಕ್ಷರಗಳು ಅದರೊಳಗೇ ಸೇರಿಕೊಳ್ಳುತ್ತವೆ. ಖಾತ್ರಿ ಮಾಡಿಕೊಳ್ಳಲು ಅಡೋಬ್ ರೀಡರಿನಲ್ಲಿ ತೆರೆದು ಫೈಲ್, ಪ್ರಾಪರ್ಟೀಸ್, ಫಾಂಟ್ಸ್ ನೋಡಿ. ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ ಎಂದಿರಬೇಕು. ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಬದಲಾಗುವ ಸಂಭವವಿದೆ.

ಅಲ್ಲಿ ತಿದ್ದುಪಡಿಯೂ ಮಾಡಬೇಕಾದರೆ ವರ್ಡ್ ಕಡತದೊಳಗೇ ಫಾಂಟ್ ತುಂಬಿ: ಫೈಲ್, ಆಪ್ಷನ್ಸ್, ಸೇವ್ ಎಂದು ಹೋಗಿ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ ಮೇಲೆ ಗುರುತು ಹಾಕಿ. ಅದರ ಕೆಳಗಿನ, ಬಳಸಿದ ಅಕ್ಷರಗಳನ್ನು ಮಾತ್ರ ತುಂಬುವ ಆಯ್ಕೆಯನ್ನು ಖಾಲಿ ಬಿಡಿ. ಗುರುತು ಹಾಕಿದರೆ ಕಡತ ಚಿಕ್ಕದಾಗುತ್ತದೆ, ಆದರೆ ಅಲ್ಲಿ ಹೊಸ ಪದ ಸೇರಿಸುವಾಗ ಬೇಕಾದ ಅಕ್ಷರ ಇಲ್ಲದೇ ಹೋದೀತು. ಎಲ್ಲ ಫಾಂಟುಗಳೂ ಇದಕ್ಕೆ ಒಪ್ಪುವುದಿಲ್ಲ. ಫಾಂಟ್ ಫೈಲಿನ ಪ್ರಾಪರ್ಟೀಸ್, ಡೀಟೇಲ್ಸ್‌ನಲ್ಲಿ ‘ಫಾಂಟ್ ಎಂಬೆಡಬಿಲಿಟಿ’ ಎಂಬ ಸಾಲಿದೆ. ಅಲ್ಲಿ ‘ರಿಸ್ಟ್ರಿಕ್ಟೆಡ್’ ಎಂದಿದ್ದರೆ ವರ್ಡ್ ಅದನ್ನು ತುಂಬುವುದಿಲ್ಲ. ‘ಇನ್‌ಸ್ಟಾಲಬಲ್’ ಅಥವಾ ‘ಎಡಿಟಬಲ್’ ಇದ್ದರೆ ಸರಿ.

ಪ್ರಶ್ನೆ: ಫಾಂಟ್ ಹಾಕಲು ಹೋದರೆ ‘ನಾಟ್ ಎ ವ್ಯಾಲಿಡ್ ಫಾಂಟ್ ಫೈಲ್’ ಎನ್ನುತ್ತದೆ. ಅದೇ ಫೈಲು ಗೆಳೆಯನ ಕಂಪ್ಯೂಟರಿನಲ್ಲಿ ಕುಳಿತಿತು.
– ಓದುಗರು, ಸಿರುಗುಪ್ಪ

ಉತ್ತರ: ಗೆಳೆಯರ ಕಂಪ್ಯೂಟರಿನಲ್ಲಿ ಕುಳಿತಿದೆ ಎಂದರೆ ಫೈಲು ಚೆನ್ನಾಗಿದೆ. ನಿಮ್ಮಲ್ಲಿ ವಿಂಡೋಸ್ ಫೈರ್‌ವಾಲ್ ಸೇವೆ ನಿಂತಿರಬೇಕು. ಫಾಂಟಿಗೂ ಫೈರ್‌ವಾಲಿಗೂ ಏನು ಸಂಬಂಧ ಎನಿಸಬಹುದು. ಆದರೆ ಆ ಸೇವೆ ನಡೆಯದಿದ್ದರೆ ವಿಂಡೋಸ್ ಫಾಂಟ್ ಹಾಕಲು ನಿರಾಕರಿಸಿ ಇದೇ ತಪ್ಪು ಸಂದೇಶ ಕೊಡುತ್ತದೆ. ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳು ಇದನ್ನು ನಿಲ್ಲಿಸುವುದುಂಟು. ಸ್ಟಾರ್ಟ್‌ನಲ್ಲಿ ‘ಸರ್ವಿಸಸ್’ ಎಂದು ಹುಡುಕಿ ತೆರೆದು, ‘ವಿಂಡೋಸ್ ಡಿಫೆಂಡರ್ ಫೈರ್‌ವಾಲ್’ ಸಾಲನ್ನು ಆಟೋಮ್ಯಾಟಿಕ್ ಮಾಡಿ, ಸ್ಟಾರ್ಟ್ ಒತ್ತಿ, ಮತ್ತೆ ಹಾಕಿ ನೋಡಿ. ಸ್ಟಾರ್ಟ್ ಒತ್ತಲು ಬಾರದಿದ್ದರೆ ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆಯಿರಿ.

ಎಲ್ಲ ಕಡೆಯೂ ಇದೇ ಸಂದೇಶ ಬಂದರೆ ಮಾತ್ರ ಫೈಲಿನ ದೋಷ: ಅರ್ಧಕ್ಕೆ ನಿಂತ ಡೌನ್‌ಲೋಡ್, ಅಥವಾ ವೆಬ್‌ಸೈಟುಗಳಿಗೆಂದು ಮಾಡಿದ ವಾಫ್ ಬಗೆಯ ಫೈಲಿಗೆ ಯಾರೋ ಟಿಟಿಎಫ್ ಎಂದು ಹೆಸರು ಬದಲಿಸಿರುವುದು. ಹಳೆಯ ಸಿಡಿಗಳಲ್ಲಿ ಪಿಎಫ್‌ಬಿ, ಪಿಎಫ್‌ಎಂ ಎಂಬ ಜೋಡಿ ಫೈಲುಗಳಿದ್ದರೆ ಅವು ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1 ಫಾಂಟುಗಳು. ಅಡೋಬ್ 2023ರ ಜನವರಿಗೆ ಅವುಗಳ ಬೆಂಬಲ ನಿಲ್ಲಿಸಿದೆ, ಅವನ್ನು ಹಾಕುವ ಗೋಜಿಗೆ ಹೋಗಬೇಡಿ. ಫಾಂಟ್ ಎಂದು ಹೇಳಿ ಇಎಕ್ಸ್‌ಇ ಫೈಲು ಕೊಡುವ ಅಪರಿಚಿತ ತಾಣಗಳಿಂದಂತೂ ದೂರವಿರಿ.

ಪ್ರಶ್ನೆ: ಫೋಟೋಶಾಪಿನಲ್ಲಿ ಕನ್ನಡ ಪೇಸ್ಟ್ ಮಾಡಿದರೆ ಒತ್ತಕ್ಷರ ಬಿಡಿಸಿಕೊಂಡು ‘ಬಳ್ಳಾರಿ’ ಎಂಬುದು ‘ಬಳ್‌ಳಾರಿ’ ಆಗುತ್ತದೆ. ಫಾಂಟ್ ಬದಲಿಸಿದರೂ ಅಷ್ಟೇ.
– ಫ್ಲೆಕ್ಸ್ ಡಿಸೈನರ್, ಬಳ್ಳಾರಿ

ಉತ್ತರ: ಇದು ಫಾಂಟಿನ ತಪ್ಪಲ್ಲ, ಅಕ್ಷರ ಜೋಡಿಸುವ ಎಂಜಿನ್ನಿನದು. ಎಡಿಟ್, ಪ್ರಿಫರೆನ್ಸಸ್, ಟೈಪ್‌ಗೆ ಹೋಗಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಅಥವಾ ‘ವರ್ಲ್ಡ್ ರೆಡಿ’ ಎಂದಿರುವುದನ್ನು ಆರಿಸಿ ಫೋಟೋಶಾಪ್ ಮುಚ್ಚಿ ತೆರೆಯಿರಿ. ಅದು ಹೊಸ ಪಠ್ಯಕ್ಕೆ ಮಾತ್ರ. ಮೊದಲೇ ಮಾಡಿದ ಲೇಯರುಗಳನ್ನು ಆರಿಸಿ, ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಕೊಡಬೇಕು. ಇನ್‌ಡಿಸೈನ್‌ನಲ್ಲಿ ಇದೇ ಜಾಗದಲ್ಲಿ ‘ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಇದೆ.

ಫ್ಲೆಕ್ಸ್ ಮುದ್ರಣ ಬೇರೆ ಊರಿನಲ್ಲಾದರೆ ಕಳಿಸುವ ಮೊದಲು ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ: ಕೋರೆಲ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ, ಇಲಸ್ಟ್ರೇಟರಿನಲ್ಲಿ ಕಂಟ್ರೋಲ್, ಶಿಫ್ಟ್, ಓ. ಅಲ್ಲಿಗೆ ಫಾಂಟ್ ಬೇಕಾಗುವುದಿಲ್ಲ. ಆ ಮೇಲೆ ಕಾಗುಣಿತ ತಿದ್ದಲು ಬಾರದು, ಆದ್ದರಿಂದ ತಿದ್ದಬಲ್ಲ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡೇ ಇದನ್ನು ಮಾಡಿ.

ಪ್ರಶ್ನೆ: ಹೊಸ ಫಾಂಟಿನಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತೆ ಕಾಣುತ್ತದೆ. ‘ರ್‍ಯಾಲಿ’ ಬರೆದರೆ ‘ರ್ಯಾಲಿ’ ಆಗುತ್ತದೆ.
– ಓದುಗರು, ಮಾನ್ವಿ

ಉತ್ತರ: ಮೊದಲನೆಯದಕ್ಕೆ ಕಾರಣ ಸಾಲಿನ ಅಂತರ. ವರ್ಡ್‌ನ ಪ್ಯಾರಾಗ್ರಾಫ್ ಪೆಟ್ಟಿಗೆಯಲ್ಲಿ ‘ಎಕ್ಸಾಕ್ಟ್ಲಿ’ ಎಂದಿದ್ದರೆ ‘ಸಿಂಗಲ್’ ಅಥವಾ ‘ಆ್ಯಟ್ ಲೀಸ್ಟ್’ ಮಾಡಿ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಎತ್ತರ ಒತ್ತಿನ ಮೇಲೆ ಒತ್ತು ಬರುವ ಕನ್ನಡಕ್ಕೆ ಸಾಲದು. ಎಕ್ಸೆಲ್‌ನಲ್ಲಾದರೆ ರೋ ಹೈಟ್ ಹೆಚ್ಚಿಸಿ.

ಎರಡನೆಯದು ಟೈಪಿಂಗ್ ವಿಷಯ. ರ, ವಿರಾಮ, ಯ ಎಂದು ಬರೆದರೆ ಯೂನಿಕೋಡ್ ಅದನ್ನು ‘ಸೂರ್ಯ’ದಂತೆ ಅರ್ಕಾವತ್ತು ಮಾಡುತ್ತದೆ. ‘ರ್‍ಯಾಲಿ’, ‘ರ್‍ಯಾಂಕ್’ ಬರಲು ರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದು ಬೇಕು, ಅದರ ಹೆಸರು ಝಡ್‌ಡಬ್ಲ್ಯುಜೆ. ಕೆಲವು ಹಳೆಯ ಯೂನಿಕೋಡ್ ಫಾಂಟುಗಳು ಅದರ ಜಾಗದಲ್ಲಿ ಪುಟ್ಟ ಚೌಕ ತೋರಿಸುತ್ತವೆ. ಹಾಗಾದರೆ ನೋಟೋ ಸ್ಯಾನ್ಸ್ ಕನ್ನಡಕ್ಕೆ ಬದಲಿಸಿ.

ಪ್ರಶ್ನೆ: ಶಾಲೆಯ ಲ್ಯಾಬಿನಲ್ಲಿ ವಿಂಡೋಸ್ ಬದಲು ಉಬುಂಟು ಇದೆ. ಅದಕ್ಕೂ ಇವೇ ಫಾಂಟುಗಳೇ?
– ಶಿಕ್ಷಕಿ, ಸಂಡೂರು

ಉತ್ತರ: ಇವೇ. ಟಿಟಿಎಫ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಇನ್‌ಸ್ಟಾಲ್ ಗುಂಡಿ ಬರುತ್ತದೆ. ಉಬುಂಟುವಿನ ಸಂಗ್ರಹದಲ್ಲೇ ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳಿವೆ. ಇಂಟರ್‌ನೆಟ್ ಇರುವಾಗ ಪ್ಯಾಕೇಜ್ ಪಟ್ಟಿಯಿಂದ ಹಾಕಿಕೊಂಡರೆ ಲ್ಯಾಬಿನ ಎಲ್ಲ ವಿದ್ಯಾರ್ಥಿಗಳ ಲಾಗಿನ್‌ಗೂ ಸಿಗುತ್ತವೆ. ಡಬಲ್ ಕ್ಲಿಕ್ಕಿನಿಂದ ಹಾಕಿದ್ದು ಆ ಒಂದು ಲಾಗಿನ್‌ಗೆ ಮಾತ್ರ.

ಪ್ರಶ್ನೆ: ಪುಕ್ಕಟೆ ಸಿಕ್ಕ ಫಾಂಟನ್ನು ನಮ್ಮ ಜೀನ್ಸ್ ಬ್ರ್ಯಾಂಡಿನ ಲೇಬಲ್‌ಗೆ ಬಳಸಬಹುದೇ? ಇನ್ನೊಂದು, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಕಿದೆ. ಹಾಕಿರುವ ಫಾಂಟುಗಳು ಹೋಗುತ್ತವೆಯೇ?
– ಗಾರ್ಮೆಂಟ್ಸ್ ಘಟಕದವರು, ಬಳ್ಳಾರಿ

ಉತ್ತರ: ಪುಕ್ಕಟೆ ಸಿಕ್ಕಿತು ಎಂಬುದು ಬೇರೆ, ಬಳಸಲು ಪರವಾನಗಿ ಇದೆ ಎಂಬುದು ಬೇರೆ. ಜಿಪ್ಪಿನಲ್ಲಿ ಒಎಫ್‌ಎಲ್ ಎಂಬ ಹೆಸರಿನ ಪಠ್ಯ ಕಡತವಿದ್ದರೆ ಅದು ಓಪನ್ ಫಾಂಟ್ ಲೈಸೆನ್ಸ್. ಲೇಬಲ್, ಲೋಗೋ, ಬೋರ್ಡು, ಪುಸ್ತಕ ಎಲ್ಲಕ್ಕೂ ಬಳಸಬಹುದು, ವ್ಯಾಪಾರಕ್ಕೂ ಅಡ್ಡಿಯಿಲ್ಲ. ಆ ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ. ನೋಟೋ, ಬಲೂ, ಅನೇಕ್, ಟೀರೋ ಇದೇ ಪರವಾನಗಿಯವು. ಹಣ ಕೊಟ್ಟು ಕೊಳ್ಳುವ ಫಾಂಟುಗಳ ನಕಲು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಓಡಾಡುತ್ತಿರುತ್ತವೆ. ಬ್ರ್ಯಾಂಡಿಗೆ ಅವನ್ನು ಬಳಸಬೇಡಿ. ಒಂದೊಂದು ಕನ್ನಡ ಫಾಂಟಿನ ಹಿಂದೆ ನೂರಾರು ಅಕ್ಷರರೂಪಗಳನ್ನು ಕೈಯಾರೆ ತಿದ್ದಿದ ಶ್ರಮವಿರುತ್ತದೆ, ಅವರ ಹಣ ಅವರಿಗೆ ಸೇರಬೇಕು.

ಫಾರ್ಮ್ಯಾಟ್ ಮಾಡಿದರೆ ಸಿ ಡ್ರೈವಿನಲ್ಲಿರುವ ಫಾಂಟುಗಳೆಲ್ಲ ಹೋಗುತ್ತವೆ. ಮೊದಲೇ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ತೆರೆದು, ನೀವು ಹಾಕಿದವನ್ನು ಆರಿಸಿ ಕಾಪಿ ಮಾಡಿ ಪೆನ್‌ಡ್ರೈವಿಗೆ ಪೇಸ್ಟ್ ಮಾಡಿ. ಒಬ್ಬ ಬಳಕೆದಾರರಿಗಷ್ಟೇ ಹಾಕಿದವು ಆ್ಯಪ್‌ಡೇಟಾದ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ಸಾಲಿನಲ್ಲಿ ಇರುತ್ತವೆ. ಆ್ಯಪ್‌ಡೇಟಾ ಅಡಗಿದ ಫೋಲ್ಡರಾದ್ದರಿಂದ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಗುರುತು ಹಾಕಿದರೆ ಮಾತ್ರ ಕಾಣುತ್ತದೆ. ಯಾರಾದರೂ ಫಾಂಟ್ ಸೆಟ್ಟಿಂಗ್ಸ್‌ನಲ್ಲಿ ಶಾರ್ಟ್‌ಕಟ್ ಮೂಲಕ ಹಾಕುವ ಆಯ್ಕೆ ಕೊಟ್ಟಿದ್ದರೆ ಫೈಲುಗಳು ಡಿ ಡ್ರೈವಿನಲ್ಲೋ ಪೆನ್‌ಡ್ರೈವಿನಲ್ಲೋ ಉಳಿದಿರುತ್ತವೆ, ಅಲ್ಲಿಂದಲೇ ಪ್ರತಿ ತೆಗೆದುಕೊಳ್ಳಿ. ಪರವಾನಗಿಯ ಪಠ್ಯ ಕಡತವನ್ನೂ ಫಾಂಟಿನ ಜೊತೆ ಅದೇ ಫೋಲ್ಡರಿನಲ್ಲಿ ಇಡಿ. ಮುಂದೆ ಲೇಬಲ್ ಅಚ್ಚು ಹಾಕುವವರು ಪರವಾನಗಿ ಕೇಳಿದರೆ ತೋರಿಸಲು ಅದೇ ದಾಖಲೆ.